ಮುತ್ತತ್ತಿಯ ಕಾಡಿನಲ್ಲಿ ಎರಡು ದಿನ

ಕಾಡುಪ್ರಾಣಿಗಳನ್ನು ಅವುಗಳ ನೆಲೆಯಲ್ಲಿಯೇ ಕಾಣಬೇಕೆಂಬ ಬಯಕೆ ಇಂದು ಲೋಕದಲ್ಲೆಲ್ಲ ಹಬ್ಬಿದೆ. ಅನುಕೂಲಸ್ಥರು ಇದಕ್ಕಾಗಿ ಕಡಲು ದಾಟಿ ದಕ್ಷಿಣ ಆಫ್ರಿಕಕ್ಕೂ ಹೋಗಿಬರುವುದುಂಟು. ಅಲ್ಲಿ ೧೮೯೮ರಲ್ಲಿ ಸಾಬಿ ಎಂಬ ಹೆಸರಿನಿಂದ ಕಾಯ್ದಿಟ್ಟ ಮೃಗವನವೇ ಬೆಳೆದು ೧೯೨೬ರಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನವಾಯಿತು. ಆ ಸೀಮೆಯ ಬಹುಭಾಗ ಬಿಡಿಬಿಡಿ ಮರಗಳ ಹುಲ್ಲುಗಾವಲು. ವಾಹನದಲ್ಲಿ ಕುಳಿತ ಪ್ರವಾಸಿಗೆ ಆನೆ, ಜಿರಾಫೆಗಳು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. 'ಸಫಾರಿ' ಎಂಬ ಮಾತು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯದು. ಪ್ರಯಾಣವೆಂಬುದೇ ಅದರ ಅರ್ಥ. ನಾವು ಕೇಳಿಬಲ್ಲ 'ಸಫರ್' ಎಂಬ ಶಬ್ದವೂ ಅದೂ ಒಂದೇ ಅರಬ್ಬೀ ಮೂಲದಿಂದ ಬಂದವು.

ಅಷ್ಟು ದೂರ ಹೋಗಲಾರದವರಿಗೆ ಮಂಡ್ಯ ಜಿಲ್ಲೆಯಲ್ಲಿಯೇ ಒಂದು ಮೃಗವನ ಉಂಟೆಂಬುದು ನಮ್ಮವರಲ್ಲಿಯೇ ಅನೇಕರಿಗೆ ತಿಳಿಯದು. ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ದಕ್ಷಿಣಕ್ಕೆ ಹೊರಟ ರಸ್ತೆ ಗುಡ್ಡಗಳ ನಡುವೆ ಇಳಿದು ಮುತ್ತತ್ತಿಯಲ್ಲಿ ಕಾವೇರಿಯನ್ನು ಮುಟ್ಟುತ್ತದೆ. ಆಂಜನೇಯನ ಗುಡಿಯಿಂದ ಆ ಊರು ಪ್ರಸಿದ್ಧ. ಅಲ್ಲಿಂದ ಕೆಲವು ಕಿಲೋಮೀಟರು ದೂರದಲ್ಲಿ ಭೀಮೇಶ್ವರಿ. ಈ ಎರಡನ್ನೂ ಒಳಗೊಂಡ ಕಾವೇರಿ ವನ್ಯಜೀವಿ ಧಾಮವು ೧೯೮೭ರಲ್ಲಿ ಘೋಷಿತವಾಯಿತು. ಆಗ ಸುಮಾರು ೫೧೦ ಚದರ ಕಿಲೋಮೀಟರುಗಳಷ್ಟಿದ್ದ ಅದರ ವಿಸ್ತೀರ್ಣ ಇಂದು ಸಾವಿರವನ್ನು ಮೀರಿದೆ. ಆನೆ, ಕಾಟಿ, ಕಡವೆ, ಜಿಂಕೆ, ಚಿರತೆ, ಸೀಳುನಾಯಿ, ನೀರುನಾಯಿ, ಮೊಸಳೆ ಇವೆಲ್ಲಕ್ಕೂ ಅದು ಆಶ್ರಯ.

ಕಳೆದ ಮಾಘಮಾಸದಲ್ಲಿ ನಾವು ನಾಲ್ವರು ಅಧ್ಯಾಪಕರು ಅಲ್ಲಿ ಎರಡು ದಿನ ತಂಗಿದ್ದೆವು. ಕಂಡ ಮೃಗಗಳ ಲೆಕ್ಕ ಒಪ್ಪಿಸುವುದು ಈ ಲೇಖನದ ಉದ್ದೇಶವಲ್ಲ. ಆ ಲೆಕ್ಕವೂ ದೊಡ್ಡದಲ್ಲ. ಮರಗಿಡ ದಟ್ಟವಾದ ನಮ್ಮ ಕಾಡಿನಲ್ಲಿ ಪ್ರವಾಸಿ ಮೃಗವನ್ನು ಕಾಣುವುದಕ್ಕೆ ಬಹಳ ಮೊದಲೇ ಮೃಗವು ಪ್ರವಾಸಿಯನ್ನು ಅರಿತಿರುತ್ತದೆ. ಹೇಗೆ ಅರಿಯುತ್ತದೆ? ಬೆಳಕು, ಶಬ್ದ, ಶಾಖ, ಗಾಳಿ ಇವುಗಳ ನಿಯಮಗಳನ್ನು ಪಾಠದ ಕೋಣೆಯಲ್ಲಿ ಕಪ್ಪುಹಲಗೆಯ ಮೇಲೆ ಬರೆಯುವ ನಮಗೆ, ಅವೇ ನಿಯಮಗಳು ಅಲ್ಲಿ ಜೀವನ್ಮರಣದ ಸಾಧನಗಳಾಗಿ ಕಂಡುಬಂದವು. ಅದನ್ನು ವಾಚಕರ ಮುಂದಿಡುವುದಷ್ಟೇ ಇಲ್ಲಿನ ಪ್ರಯತ್ನ.

ಹೆಜ್ಜಾರ್ಲೆಗಳ ಏಣಿ

ಮಂಡ್ಯದಿಂದ ಹೊರಟವರು ಮೊದಲು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋದೆವು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಊರೊಳಗಿನ ಹುಣಿಸೆ, ಆಲ, ಅರಳಿ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಮರದ ಕೆಳಗೆ ಜನರ ಮನೆ, ಹಟ್ಟಿ, ಜಗಲಿ. ಮೇಲೆ ಹಕ್ಕಿಗಳ ಸಂಸಾರ. ೨೦೦೭ರಲ್ಲಿ ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಆದರೆ ಹಕ್ಕಿಗೂ ಮನುಷ್ಯನಿಗೂ ಅಲ್ಲಿರುವ ಬಳಕೆ ಯಾವ ಘೋಷಣೆಗಿಂತಲೂ ಹಳೆಯದು.

ಹೆಜ್ಜಾರ್ಲೆ ಭಾರಿ ಹಕ್ಕಿ. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮಿಕ್ಕೀತು. ಮರಿಗಳಿಗೆ ಮೀನು ತರಲು ಅದು ದೂರದೂರದ ಕೆರೆಗಳಿಗೆ ಹೋಗಬೇಕು. ಅಷ್ಟು ದೂರವೂ ರೆಕ್ಕೆ ಬಡಿಯುತ್ತ ಹೋದರೆ, ತಂದ ಮೀನಿನ ಸತ್ತ್ವದಲ್ಲಿ ಬಹುಪಾಲು ಹಾರಾಟಕ್ಕೇ ವೆಚ್ಚವಾದೀತು. ಆದುದರಿಂದ ಬಿಸಿಲೇರಿದ ಮೇಲೆ ಅವು ಏರುಗಾಳಿಯನ್ನು ಹುಡುಕುತ್ತವೆ. ಒಣ ಹೊಲ ಬಿಸಿಲಿಗೆ ಬೇಗ ಕಾಯುತ್ತದೆ. ಅದನ್ನು ತಾಗಿದ ಗಾಳಿ ಬಿಸಿಯಾಗಿ ಹಗುರಾಗಿ ಕಂಬದಂತೆ ಮೇಲೇಳುತ್ತದೆ. ಆ ಕಂಬದೊಳಗೆ ರೆಕ್ಕೆ ಚಾಚಿ ಸುತ್ತು ಹಾಕುತ್ತಿದ್ದರಾಯಿತು, ಹಕ್ಕಿ ಶ್ರಮವಿಲ್ಲದೆ ಮೇಲೇರುತ್ತದೆ. ಬೇಕಾದಷ್ಟು ಎತ್ತರ ದೊರೆತೊಡನೆ ಕೆರೆಯ ದಿಕ್ಕಿಗೆ ಜಾರುತ್ತದೆ. ಸುಮಾರು ಹತ್ತು ಗಂಟೆಯ ವೇಳೆಗೆ ಹದಿನೈದಿಪ್ಪತ್ತು ಹಕ್ಕಿಗಳು ಒಂದರ ಮೇಲೊಂದು ಚಕ್ರವಾಗಿ ಏರಿದುದನ್ನು ನೋಡಿದೆವು. ಬೆಳಗಿನ ತಂಪಿನಲ್ಲಿ ಈ ಏಣಿ ಇರುವುದಿಲ್ಲ. ಬಾನಿನಲ್ಲಿ ಹೆಜ್ಜಾರ್ಲೆ ಚಕ್ರ ಹಾಕಲು ತೊಡಗಿತೆಂದರೆ, ನೆಲ ಎಷ್ಟು ಕಾಯ್ದಿದೆಯೆಂಬುದನ್ನು ಉಷ್ಣಮಾಪಕವಿಲ್ಲದೆಯೇ ಊಹಿಸಬಹುದು.

ಹರಿಗೋಲು ಮತ್ತು ಮೊಸಳೆ

ಮಳವಳ್ಳಿ, ಹಲಗೂರುಗಳನ್ನು ದಾಟಿ ಮಧ್ಯಾಹ್ನ ಭೀಮೇಶ್ವರಿಯ ಶಿಬಿರವನ್ನು ಸೇರಿದೆವು. ಗುಡ್ಡದ ಮೇಲೆಲ್ಲ ಎಲೆಯುದುರಿದ ಒಣಗಾಡು. ನದಿಯ ಅಂಚಿಗೆ ಮಾತ್ರ ಹೊಳೆಮತ್ತಿ, ನೇರಳೆ, ಹೊಂಗೆಗಳ ಹಸಿರು ಗೋಡೆ. ಬೂದು ಮೈಯ ದೊಡ್ಡ ಅಳಿಲೊಂದು ಈ ಮರಗಳಲ್ಲಿ ವಾಸಿಸುತ್ತದೆ. ಕರ್ನಾಟಕದಲ್ಲಿ ಕಾವೇರಿಯ ಈ ದಡದ ಕಾಡೇ ಅದಕ್ಕೆ ಮುಖ್ಯ ನೆಲೆ. ಮಡುಗಳಲ್ಲಿ ಮಹಶೀರ್ ಎಂಬ ಹೆಮ್ಮೀನು ಉಂಟು. ಕಾವೇರಿಯ ನದೀಜಾಲದಲ್ಲಿ ಮಾತ್ರ ಬದುಕುವ, ಬೆನ್ನುಬ್ಬಿದ ಈ ಮೀನಿನ ಜಾತಿಯನ್ನು ೨೦೧೮ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.

ಸಂಜೆಗೆ ಮುನ್ನ ಹರಿಗೋಲಿನಲ್ಲಿ ಹೊಳೆಯ ಮೇಲೆ ಹೋದೆವು. ಬಿದಿರಿನ ಹೆಣಿಗೆಗೆ ಹೊದಿಕೆ ಹಾಕಿ ಟಾರು ಬಳಿದ ಈ ಗುಂಡು ಬುಟ್ಟಿ ನಾಲ್ಕೈದು ಜನರನ್ನು ಹೊತ್ತರೂ ಎಷ್ಟು ಕಡಮೆ ಮುಳುಗುತ್ತದೆಯೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಅಡ್ಡಳತೆ ಎರಡೂವರೆ ಮೀಟರಾದರೆ ತಳದ ವಿಸ್ತಾರ ಹೆಚ್ಚುಕಡಮೆ ಐದು ಚದರ ಮೀಟರು. ಆರ್ಕಿಮಿಡೀಸನ ನಿಯಮದಂತೆ ೪೦೦ ಕಿಲೋಗ್ರಾಂ ಭಾರಕ್ಕೆ ೪೦೦ ಲೀಟರು ನೀರು ಸರಿದುಕೊಡಬೇಕು. ಅಂದರೆ ಹರಿಗೋಲು ಸುಮಾರು ಎಂಟು ಸೆಂಟಿಮೀಟರು ಮಾತ್ರ ಇಳಿಯುತ್ತದೆ. ಮೊಣಕಾಲುದ್ದದ ನೀರಿನಲ್ಲಿ, ಬಂಡೆಗಳ ಮೇಲೆಯೂ ಅದು ತೇಲಿಹೋಗುವ ಗುಟ್ಟು ಇದು. ಆದರೆ ದೋಣಿಗಿರುವ ಮೂತಿಯಾಗಲಿ ಅಡಿಗಟ್ಟಾಗಲಿ ಅದಕ್ಕಿಲ್ಲ. ಹುಟ್ಟನ್ನು ಒಂದೇ ಪಕ್ಕದಲ್ಲಿ ಎಳೆದರೆ ಬುಗುರಿಯಂತೆ ಸುತ್ತುವುದು. ಅಂಬಿಗನು ಮುಂಭಾಗದಲ್ಲಿ ಕುಳಿತು ನೀರನ್ನು ತನ್ನತ್ತ ಎಳೆದುಕೊಳ್ಳುವುದು ಈ ಕಾರಣದಿಂದಲೇ. ಮುತ್ತತ್ತಿಯ ಆಸುಪಾಸಿನಲ್ಲಿ ಕಾವೇರಿ ಮೇಲೆ ಶಾಂತ, ಒಳಗೆ ಸುಳಿ. ಈಜಲಿಳಿದು ಪ್ರಾಣ ಕಳೆದುಕೊಂಡವರು ಅನೇಕರು. ಅಲ್ಲಿಗೆ ಹೋಗುವ ವಾಚಕರು ಇದನ್ನು ಮರೆಯಬಾರದು.

ನಡುಹೊಳೆಯ ಬಂಡೆಯ ಮೇಲೆ ಮೊಸಳೆಯೊಂದು ಮರದ ದಿಮ್ಮಿಯಂತೆ ಬಿದ್ದಿತ್ತು. ನೀರಿನ ವಿಶಿಷ್ಟೋಷ್ಣ ಕಲ್ಲಿನದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ಒಂದೇ ಬಿಸಿಲಿನಲ್ಲಿ ಬಂಡೆ ಬೇಗ ಬಿಸಿಯೇರುತ್ತದೆ, ಹೊಳೆ ನಿಧಾನವಾಗಿ. ಮೈಯೊಳಗೆ ಸಾಕಷ್ಟು ಶಾಖವನ್ನು ಹುಟ್ಟಿಸಿಕೊಳ್ಳಲಾರದ ಮೊಸಳೆ ಈ ವ್ಯತ್ಯಾಸವನ್ನೇ ನಂಬಿ ಬದುಕುತ್ತದೆ: ತಂಪಾದಾಗ ಕಲ್ಲಿಗೆ, ಕಾಯ್ದಾಗ ನೀರಿಗೆ. ನಾವು ಅನ್ನವನ್ನು ಸುಟ್ಟು ಪಡೆಯುವ ಮೈಬಿಸಿಯನ್ನು ಅದು ಸೂರ್ಯನಿಂದ ಸಾಲ ಪಡೆಯುತ್ತದೆ. ಆದುದರಿಂದಲೇ ಅದು ತನ್ನಷ್ಟೇ ತೂಕದ ಹುಲಿಗಿಂತ ಬಹಳ ಕಡಮೆ ಆಹಾರದಲ್ಲಿ ಬಾಳಬಲ್ಲುದು.

ಇರುಳಿನ ಕಣ್ಣು

ಕತ್ತಲಾದ ಮೇಲೆ ಅರಣ್ಯದ ಕಾವಲುಗಾರನು ಶಿಬಿರದ ಅಂಚಿನಲ್ಲಿ ಬ್ಯಾಟರಿಯ ಬೆಳಕನ್ನು ಒಮ್ಮೆ ಪೊದೆಗಳ ಕಡೆ ತಿರುಗಿಸಿದನು. ಹತ್ತಾರು ಜೊತೆ ಕಿಡಿಗಳು ಹೊಳೆದವು. ಜಿಂಕೆಯ ಹಿಂಡು. ಈ ಹೊಳಪು ಕಣ್ಣಿನ ಸ್ವಂತ ಬೆಳಕಲ್ಲ. ಇರುಳಿನಲ್ಲಿ ಓಡಾಡುವ ಅನೇಕ ಪ್ರಾಣಿಗಳ ಕಣ್ಣಿನೊಳಗೆ ಅಕ್ಷಿಪಟದ ಹಿಂದೆ ಕನ್ನಡಿಯಂಥ ಪದರವೊಂದಿದೆ. ಅಕ್ಷಿಪಟವನ್ನು ಒಮ್ಮೆ ಹಾದುಹೋದ ಬೆಳಕು ಈ ಪದರಕ್ಕೆ ತಾಗಿ ಮರಳಿ ಅದನ್ನೇ ಹಾಯುತ್ತದೆ. ಹೀಗೆ, ಸಿಕ್ಕ ಅಲ್ಪ ಬೆಳಕನ್ನೇ ಕಣ್ಣು ಎರಡು ಸಾರಿ ಬಳಸಿಕೊಳ್ಳುತ್ತದೆ. ಉಳಿದುದು ಬಂದ ದಾರಿಯಲ್ಲಿಯೇ ಹೊರಬೀಳುವುದರಿಂದ, ದೀಪವನ್ನು ತನ್ನ ಹಣೆಯ ಬಳಿ ಹಿಡಿದವನಿಗೆ ಅದು ಚೆನ್ನಾಗಿ ಕಾಣುತ್ತದೆ. ಹತ್ತು ಹೆಜ್ಜೆ ಪಕ್ಕದಲ್ಲಿ ನಿಂತವನಿಗೆ ಕಾಣದು. ಮನುಷ್ಯನಿಗೂ ಕೋತಿಗೂ ಈ ಕನ್ನಡಿ ಇಲ್ಲ. ನಾವು ಹಗಲಿನ ಜೀವಿಗಳು.

ಕಾವಲುಗಾರನು ಕೂಡಲೇ ದೀಪವನ್ನು ಆರಿಸಿದನು. ಅರೆಗತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಪ್ರಖರವಾದ ಬೆಳಕು ತಾಗಿದರೆ ಮತ್ತೆ ಹೊಂದಿಕೊಳ್ಳಲು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಜಿಂಕೆ ಕುರುಡು. ಚಿರತೆಗೆ ಅದೇ ಸುಗ್ಗಿ.

ಕಿವಿಗೆ ನಿಲುಕದ ದನಿ

ಊಟವಾದ ಮೇಲೆ ಮಾತು ನಿಲ್ಲಿಸಿ ಕುಳಿತೆವು. ಹಗಲೆಲ್ಲ ಸಣ್ಣದಾಗಿ ಕೇಳುತ್ತಿದ್ದ ಹೊಳೆಯ ಮೊರೆತ ಈಗ ಹತ್ತಿರ ಬಂದಂತೆ ತೋರಿತು. ದೂರದ ಗುಡ್ಡದಿಂದ ಕಡವೆಯೊಂದರ ಎಚ್ಚರಿಕೆಯ ಕೂಗು ಸ್ಪಷ್ಟವಾಗಿ ಕೇಳಿಸಿತು. ಇರುಳಿನ ನಿಶ್ಶಬ್ದವೊಂದೇ ಇದಕ್ಕೆ ಕಾರಣವಲ್ಲ. ಶಬ್ದದ ವೇಗ ಗಾಳಿಯ ಉಷ್ಣತೆಯೊಡನೆ ಏರುತ್ತದೆ. ಡಿಗ್ರಿಗೆ ಸೆಕೆಂಡಿಗೆ ಸುಮಾರು ೦.೬ ಮೀಟರು. ಹಗಲು ನೆಲದ ಬಳಿಯ ಗಾಳಿ ಬಿಸಿ, ಮೇಲಿನದು ತಂಪು. ಆದುದರಿಂದ ಶಬ್ದದ ಅಲೆ ಮೇಲಕ್ಕೆ ಬಾಗಿ ಬಾನಿಗೆ ಸೋರಿಹೋಗುತ್ತದೆ. ನಿರ್ಮಲವಾದ ಮಾಗಿಯ ಸಂಜೆ ನೆಲವು ತನ್ನ ಶಾಖವನ್ನು ಬೇಗ ಹೊರಸೂಸಿ ತಣ್ಣಗಾಗುತ್ತದೆ. ನೆಲದ ಗಾಳಿ ತಂಪು, ಮೇಲಿನದು ಬೆಚ್ಚಗೆ. ಈಗ ಅಲೆ ಕೆಳಕ್ಕೆ ಬಾಗುತ್ತದೆ. ಮೇಲೊಂದು ಮುಚ್ಚಳವಿಟ್ಟಂತಾಗಿ ಶಬ್ದವು ನೆಲದ ಗುಂಟ ಬಹುದೂರ ಹರಿಯುತ್ತದೆ.

ಈ ಮುಚ್ಚಳದ ಮುಖ್ಯ ಫಲಾನುಭವಿ ಆನೆ. ೧೯೮೪ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಆನೆಗಳ ಬಳಿ ನಿಂತಿದ್ದ ಕೇಟಿ ಪೇನ್ ಎಂಬ ವಿಜ್ಞಾನಿಗೆ, ಏನೂ ಕೇಳಿಸದಿದ್ದರೂ ಗಾಳಿಯಲ್ಲಿ ಏನೋ ಮಿಡಿಯುವಂತೆ ಅನುಭವವಾಯಿತು. ಇಗರ್ಜಿಯಲ್ಲಿ ದೊಡ್ಡ ಆರ್ಗನ್ ವಾದ್ಯದ ಅತಿ ಮಂದ್ರಸ್ವರ ನುಡಿದಾಗ ಆಗುವ ಮಿಡಿತ ಆಕೆಯ ನೆನಪಿಗೆ ಬಂದಿತು. ಧ್ವನಿಮುದ್ರಣ ಮಾಡಿ ಪರೀಕ್ಷಿಸಿ, ೧೯೮೬ರಲ್ಲಿ ಆಕೆಯೂ ಸಂಗಡಿಗರೂ ಫಲಿತಾಂಶವನ್ನು ಪ್ರಕಟಿಸಿದರು: ಏಷ್ಯದ ಆನೆಗಳು ಸೆಕೆಂಡಿಗೆ ೧೪ರಿಂದ ೨೪ ಕಂಪನಗಳ ದನಿಯಲ್ಲಿ ಒಂದನ್ನೊಂದು ಕರೆಯುತ್ತವೆ. ಮನುಷ್ಯನ ಕಿವಿಯ ಕೆಳಮಿತಿ ಸುಮಾರು ೨೦ ಕಂಪನ. ಆನೆಗಳು ನಮ್ಮ ಎದುರಿಗೇ ಮಾತನಾಡಿಕೊಂಡರೂ ನಮಗೆ ಬಹುಪಾಲು ತಿಳಿಯದು.

ಇಂಥ ದನಿಗೆ ಕಾಡು ಅಡ್ಡಿಯಲ್ಲ. ಇಪ್ಪತ್ತು ಕಂಪನದ ಶಬ್ದದ ತರಂಗಾಂತರ ೧೭ ಮೀಟರು. ಅಷ್ಟು ಉದ್ದದ ಅಲೆಗೆ ಮೊಳದಗಲದ ಮರದ ಬೊಡ್ಡೆ ಲೆಕ್ಕಕ್ಕಿಲ್ಲ, ಬಳಸಿಕೊಂಡು ಮುಂದೆ ಸಾಗುತ್ತದೆ. ನಾವು ಕೂಗಿದ ಕೂಗಿನ ಅಲೆ ಒಂದೆರಡು ಅಡಿಯಷ್ಟೇ ಆದುದರಿಂದ ಎಲೆ ರೆಂಬೆಗಳಿಗೆ ಬಡಿದು ಚದರುತ್ತದೆ. ಆಫ್ರಿಕದ ನಮೀಬಿಯ ದೇಶದ ಎಟೋಶ ಬಯಲಿನಲ್ಲಿ ಹವೆಯನ್ನು ಅಳೆದ ವಿಜ್ಞಾನಿಗಳು, ಸಂಜೆಯ ಅನುಕೂಲ ಸಮಯದಲ್ಲಿ ಆನೆಯ ಕರೆ ಹತ್ತು ಕಿಲೋಮೀಟರಿನಷ್ಟು ದೂರ ಮುಟ್ಟಬಲ್ಲುದೆಂದು ೧೯೯೭ರಲ್ಲಿ ತೋರಿಸಿದರು. ಮುತ್ತತ್ತಿಯ ಗುಡ್ಡಗಾಡು ಎಟೋಶದ ಬಯಲಲ್ಲ. ಆದರೂ ಹೊಳೆಯ ಆಚೆಯ ಹಿಂಡು ಈಚೆಯ ಹಿಂಡಿನ ಸುದ್ದಿಯನ್ನು ತಿಳಿಯುವುದು ಅಸಾಧ್ಯವೇನೂ ಅಲ್ಲ.

ಗಾಳಿಯ ಸುದ್ದಿ

ಮರುದಿನ ಬೆಳಗ್ಗೆ ಕಾವಲುಗಾರನೊಡನೆ ಕಾಲುದಾರಿಯಲ್ಲಿ ನಡೆದೆವು. ದಾರಿಯ ನಡುವೆ ಆನೆಯ ಲದ್ದಿ ಬಿದ್ದಿತ್ತು. ಅವನು ಅಂಗೈಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಹಿಡಿದು, ಮಣ್ಣನ್ನು ಚಿಟಿಕೆಯಲ್ಲಿ ಎತ್ತಿ ಬಿಟ್ಟು, ತಗ್ಗಿದ ದನಿಯಲ್ಲಿ ಹೇಳಿದನು: "ಇನ್ನೂ ಬಿಸಿ ಅದೆ ಮೇಷ್ಟ್ರೆ. ಗಾಳಿ ನಮ್ಮ ಕಡೆಯಿಂದ್ಲೇ ಹೊಯ್ತಾ ಅದೆ. ಇಲ್ಲಿಂದ ಮುಂದಕ್ಕೆ ಬ್ಯಾಡ."

ಎರಡು ವಾಕ್ಯಗಳಲ್ಲಿ ಎರಡು ಪಾಠಗಳು. ಬಿಸಿಯಾದ ವಸ್ತು ತಣಿಯುವ ವೇಗವು ಅದಕ್ಕೂ ಸುತ್ತಣ ಹವೆಗೂ ಇರುವ ಉಷ್ಣತೆಯ ಅಂತರವನ್ನು ಅನುಸರಿಸುತ್ತದೆಂದು ನ್ಯೂಟನ್ ೧೭೦೧ರಲ್ಲಿ ಪ್ರಕಟಿಸಿದನು. ನಮ್ಮ ವಿದ್ಯಾರ್ಥಿಗಳು ಬಿಸಿನೀರು, ಗಡಿಯಾರ, ಉಷ್ಣಮಾಪಕಗಳನ್ನಿಟ್ಟುಕೊಂಡು ಅದನ್ನು ಪರೀಕ್ಷಿಸುತ್ತಾರೆ. ಕಾಡಿನ ಕಾವಲುಗಾರನು ಅಂಗೈಯ ಅಂದಾಜಿನಿಂದಲೇ, ಆನೆ ಹಾದುಹೋಗಿ ಅರ್ಧಗಂಟೆಯೂ ಆಗಿಲ್ಲವೆಂದು ತಿಳಿದನು.

ಎರಡನೆಯದು ಗಾಳಿಯ ಪಾಠ. ವಾಸನೆಯ ಕಣಗಳು ತಮ್ಮಷ್ಟಕ್ಕೆ ಪಸರಿಸುವುದು ಬಹಳ ನಿಧಾನ. ಅವನ್ನು ಸಾಗಿಸುವುದು ಗಾಳಿಯೇ. ಇರುಳಿನಲ್ಲಿ ತಣಿದು ಭಾರವಾದ ಗಾಳಿ ಗುಡ್ಡದಿಂದ ಕಣಿವೆಗೆ ಇಳಿಯುತ್ತದೆ. ಬಿಸಿಲೇರಿದ ಮೇಲೆ ಕಣಿವೆಯಿಂದ ಗುಡ್ಡಕ್ಕೆ ಏರುತ್ತದೆ. ನಾವು ಹೊಳೆಯ ಕಡೆಯಿಂದ ಮೇಲೇರುತ್ತಿದ್ದೆವು, ಬಿಸಿಲೂ ಏರಿತ್ತು. ನಮ್ಮ ಬೆವರಿನ, ಸಾಬೂನಿನ ಸುದ್ದಿ ನಮಗಿಂತ ಮುಂದಾಗಿ ಹೋಗುತ್ತಿತ್ತು. ಆನೆಯ ದೃಷ್ಟಿ ಮಂದ, ಮೂಗು ಮಾತ್ರ ಅಸಾಧಾರಣ. ೨೦೧೪ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ವಾಸನೆಯನ್ನು ಗುರುತಿಸುವ ಗ್ರಾಹಕಗಳಿಗೆ ಕಾರಣವಾದ ಜೀನುಗಳು ಮನುಷ್ಯನಲ್ಲಿ ಸುಮಾರು ೪೦೦, ನಾಯಿಯಲ್ಲಿ ೮೦೦, ಆಫ್ರಿಕದ ಆನೆಯಲ್ಲಿ ಸುಮಾರು ೨೦೦೦. ಹಿಂದಿರುಗಿದೆವು. ಅದೇ ಸಂಜೆ ಆಚೆ ದಡದಲ್ಲಿ ಐದು ಆನೆಗಳು ನೀರಿಗಿಳಿದುದನ್ನು ದುರ್ಬೀನಿನಿಂದ ಕಂಡೆವು. ಆಗ ಗಾಳಿ ಅವುಗಳ ಕಡೆಯಿಂದ ನಮ್ಮತ್ತ ಬೀಸುತ್ತಿತ್ತು. ಅರ್ಧಗಂಟೆಯ ಕಾಲ ಅವು ನಿಶ್ಚಿಂತೆಯಾಗಿ ಮಿಂದವು.

ಕಾಡಿನ ಅಂಚು

ಇಲ್ಲಿಯವರೆಗೆ ಹೇಳಿದುದು ಪ್ರವಾಸಿಯ ಸಂತೋಷದ ಮಾತು. ಹಲಗೂರಿನ ಸುತ್ತಲ ಹಳ್ಳಿಗಳಲ್ಲಿ ಆನೆಯೆಂದರೆ ಬೇರೆ ಅರ್ಥ. ಹಿಂದಿರುಗುವಾಗ ಕಬ್ಬಿನ ಗದ್ದೆಯ ಬದುವಿನಲ್ಲಿ ಕಟ್ಟಿದ ಅಟ್ಟಣೆಯ ಬಳಿ ವೃದ್ಧ ರೈತರೊಬ್ಬರನ್ನು ಮಾತನಾಡಿಸಿದೆವು. ಅವರೂ ಅವರ ಮಗನೂ ಸರದಿಯ ಮೇಲೆ ಇರುಳೆಲ್ಲ ಎದ್ದಿರುತ್ತಾರೆ. "ಒಂದ್ ರಾತ್ರಿ ಮೈಮರೆತ್ರೆ ವರ್ಸದ್ ಕೂಳು ಹೋಯ್ತದೆ ಸಾ" ಎಂದರು.

ಆನೆ ಹೊಲಕ್ಕೆ ಏಕೆ ಬರುತ್ತದೆ? ಪ್ರಾಯದ ಆನೆಗೆ ದಿನಕ್ಕೆ ೧೫೦ ಕಿಲೋಗ್ರಾಮಿನಷ್ಟು ಮೇವು ಬೇಕು. ತಿಂದುದರಲ್ಲಿ ಅರ್ಧವನ್ನೂ ಅದು ಜೀರ್ಣಿಸಿಕೊಳ್ಳಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು ೧೯೮೦ರ ದಶಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿ ನಡೆಸಿದ ಅಧ್ಯಯನದಿಂದ, ರಾಗಿಯಂಥ ಪೈರಿನಲ್ಲಿ ಕಾಡಿನ ಹುಲ್ಲಿಗಿಂತ ಪ್ರೋಟೀನು ಲವಣಗಳು ಹೆಚ್ಚೆಂದೂ, ಹೊಲಕ್ಕೆ ನುಗ್ಗುವುದರಲ್ಲಿ ಗಂಡಾನೆಗಳೇ ಮುಂದೆಂದೂ ತಿಳಿದುಬಂದಿತು. ಕಡಮೆ ಕಾಲದಲ್ಲಿ ಹೆಚ್ಚು ಸತ್ತ್ವ ದೊರೆಯುವ ಕಡೆಗೆ ಪ್ರಾಣಿ ಹೋಗುವುದು ಸಹಜ. ಮಂಡ್ಯದ ಸೀಮೆಯೋ ೧೯೩೦ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಂದಿನಿಂದ ಕಬ್ಬಿನ ನಾಡು. ಒಣಗಾಡಿನ ಮಗ್ಗುಲಿಗೇ ವರ್ಷವೆಲ್ಲ ಹಸಿರು, ಅದರಲ್ಲಿಯೂ ಸಿಹಿ ಹಸಿರು. ಶಿಂಷೆಯ ಗುಂಟ ನಡೆದು ಆನೆಗಳು ಮದ್ದೂರಿನ ಬಯಲಿನವರೆಗೂ ಬಂದ ಪ್ರಸಂಗಗಳು ಇತ್ತೀಚಿನ ವರ್ಷಗಳಲ್ಲಿ ಹಲವು ನಡೆದಿವೆ. ೨೦೨೩ರ ಗಣತಿಯಂತೆ ಕರ್ನಾಟಕದ ಆನೆಗಳ ಅಂದಾಜು ೬,೩೯೫. ದೇಶದಲ್ಲಿ ಇದೇ ಹೆಚ್ಚಿನದು.

ಇದಕ್ಕೆ ರೈತನು ಹೂಡುವ ಉಪಾಯಗಳಲ್ಲಿ ತಂತಿಬೇಲಿ ಮುಖ್ಯವಾದುದು. ಇಲ್ಲಿ ಭೌತಶಾಸ್ತ್ರದ ಒಂದು ಅಂಶವನ್ನು ಎಲ್ಲರೂ ತಿಳಿದಿರಬೇಕು. ಜೀವ ಉಳಿಸುವ ತಂತಿಗೂ ಕೊಲ್ಲುವ ತಂತಿಗೂ ನೋಟಕ್ಕೆ ಭೇದವಿಲ್ಲ. ಸರಿಯಾದ ಸೌರಬೇಲಿಯಲ್ಲಿ ವಿದ್ಯುತ್ತು ಎಡೆಬಿಡದೆ ಹರಿಯುವುದಿಲ್ಲ. ಸುಮಾರು ಸೆಕೆಂಡಿಗೊಮ್ಮೆ ಒಂದು ಮಿಡಿತ ಮಾತ್ರ ಹಾಯುತ್ತದೆ. ಅದರ ಒತ್ತಡ ಹಲವು ಸಾವಿರ ವೋಲ್ಟುಗಳಾದರೂ ಕಾಲಾವಧಿ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಮೆ. ಒಂದು ಮಿಡಿತದ ಶಕ್ತಿ ಕೆಲವೇ ಜೂಲುಗಳು, ಎಂದರೆ ಒಂದು ಕಿಲೋ ತೂಕದ ಬಟ್ಟನ್ನು ಒಂದು ಮೊಳ ಎತ್ತುವಷ್ಟು. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ಮುಂದಿನ ಮಿಡಿತಕ್ಕೆ ಮೊದಲು ಬಿಡಿಸಿಕೊಳ್ಳಲು ಅದಕ್ಕೆ ಸಮಯವೂ ಉಂಟು.

ಮನೆಯ ತಂತಿಯಿಂದ ಕದ್ದು ಎಳೆದ ವಿದ್ಯುತ್ತಿನ ಒತ್ತಡ ೨೩೦ ವೋಲ್ಟು ಮಾತ್ರ. ಸಾವಿರಗಳೆಲ್ಲಿ, ಇನ್ನೂರ ಮೂವತ್ತೆಲ್ಲಿ ಎಂದು ಮೋಸಹೋಗಬಾರದು. ಒದ್ದೆಯಾದ ದೇಹದ ತಡೆ ಸಾವಿರ ಓಮುಗಳಷ್ಟಿದ್ದರೆ ಅದರಲ್ಲಿ ೦.೨೩ ಆಂಪಿಯರು ಪ್ರವಹಿಸುತ್ತದೆ. ಹೃದಯದ ಮಿಡಿತವನ್ನು ಕೆಡಿಸಲು ಅದರ ಅರ್ಧವೂ ಸಾಕು. ಈ ಪ್ರವಾಹಕ್ಕೆ ಬಿಡುವಿಲ್ಲ. ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಕೈ ಬಿಡಲಾರದು. ಹೀಗೆ ಸತ್ತವುಗಳಲ್ಲಿ ಆನೆಗಳು ಮಾತ್ರವಲ್ಲ, ದನಗಳೂ ಇವೆ. ಇರುಳಿನಲ್ಲಿ ನೀರು ಕಟ್ಟಲು ಹೋದ ರೈತರೂ ಇದ್ದಾರೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದು ಗುರುತರ ಅಪರಾಧವೂ ಹೌದು.

ಸೌರಬೇಲಿಯನ್ನು ಕಟ್ಟಿ ಮರೆತುಬಿಟ್ಟರೂ ಪ್ರಯೋಜನವಿಲ್ಲ. ಬಳ್ಳಿ ಹಬ್ಬಿ ತಂತಿಯನ್ನು ತಾಗಿದರೆ ವಿದ್ಯುತ್ತು ಅದರ ಮೂಲಕ ನೆಲಕ್ಕೆ ಸೋರುತ್ತದೆ. ಬೇಸಗೆಯಲ್ಲಿ ಮಣ್ಣು ಒಣಗಿದರೆ ಮಂಡಲ ಪೂರ್ಣವಾಗದೆ ಪೆಟ್ಟು ಸಾಲದು. ಆನೆಯೂ ಪ್ರಯೋಗ ಮಾಡುತ್ತದೆ. ದಂತದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದೆಂದು ಕಂಡುಕೊಂಡ ಸಲಗಗಳು ದಂತದಿಂದಲೇ ತಂತಿಯನ್ನು ಕೀಳುತ್ತವೆ; ಮರದ ಕೊಂಬೆಯನ್ನು ತಂದು ಕೆಡವುತ್ತವೆ. ಕೀನ್ಯದಲ್ಲಿ ಜೇನುಗೂಡುಗಳನ್ನು ಸಾಲಾಗಿ ತೂಗುಹಾಕಿ ಆನೆಯನ್ನು ತಡೆದಿದ್ದಾರೆ. ೨೦೨೧ರಲ್ಲಿ ಕೊಡಗಿನಲ್ಲಿಯೂ ಅದರ ಪ್ರಯೋಗ ಪ್ರಾರಂಭವಾಯಿತು. ಯಾವುದೊಂದೂ ಪೂರ್ಣ ಪರಿಹಾರವಲ್ಲ. ಹಳೆಯ ರೈಲುಕಂಬಿಗಳ ತಡೆ, ಕಂದಕ, ಸೌರಬೇಲಿ, ಬೆಳೆನಷ್ಟಕ್ಕೆ ತಡವಿಲ್ಲದ ಪರಿಹಾರಧನ ಇವೆಲ್ಲ ಕೂಡಿದಾಗ ಮಾತ್ರ ಅಟ್ಟಣೆಯ ಮೇಲಿನ ರೈತನು ಸ್ವಲ್ಪ ಕಣ್ಣು ಮುಚ್ಚಬಲ್ಲನು.

ಮೃಗವನಕ್ಕೆ ಹೋಗುವ ವಾಚಕರಿಗೆ ಕಡೆಯದಾಗಿ ಎರಡು ಮಾತು. ಮಣ್ಣಿನ ಬಣ್ಣದ ಬಟ್ಟೆ ತೊಡಿರಿ, ಅತ್ತರು ಬೇಡ, ಗಾಳಿಗೆ ಎದುರಾಗಿ ನಡೆಯಿರಿ, ದೀಪವನ್ನು ಮೃಗದ ಕಣ್ಣಿಗೆ ಹಿಡಿಯಬೇಡಿ, ಸಂಜೆಯಾದ ಮೇಲೆ ಒಂದು ಗಂಟೆಯಾದರೂ ಸುಮ್ಮನಿದ್ದು ಕಿವಿಗೊಡಿರಿ. ಹಿಂದಿರುಗುವ ದಾರಿಯಲ್ಲಿ ಕಾಡಿನಂಚಿನ ಹೊಲದ ಬಳಿ ಒಂದು ಗಳಿಗೆ ನಿಂತು ಅಲ್ಲಿನವರನ್ನು ಮಾತನಾಡಿಸಿರಿ. ಆನೆ ಇಂದು ನಮ್ಮ ನಾಡಿನಲ್ಲಿ ಉಳಿದಿದ್ದರೆ ಅದರ ಬೆಲೆಯ ದೊಡ್ಡ ಪಾಲನ್ನು ತೆರುತ್ತಿರುವವರು ಅವರೇ.